ತಳನೀರನ್ನು ಅಳೆಯದೆ ಸಾಗರತಳವನ್ನು ಕೆದಕಬೇಡಿ: ಭೂ ವಿಜ್ಞಾನ ಸಚಿವಾಲಯಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಭೂ ವಿಜ್ಞಾನ ಸಚಿವಾಲಯ, ಭಾರತ ಸರ್ಕಾರ, ನವದೆಹಲಿ.

ವಿಷಯ: ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ ಗಣಿಗಾರಿಕೆಗೆ ತೊಡಗುವ ಮುನ್ನ ಅಲ್ಲಿನ ತಣ್ಣೀರ ಪ್ರವಾಹಗಳನ್ನು ದೀರ್ಘಕಾಲ ಅಳೆದು ಪ್ರಕಟಿಸುವ ಬಗ್ಗೆ.

ಮಾನ್ಯರೇ,

ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ಐದು ಕಿಲೋಮೀಟರ್ ಆಳದ ಆಸುಪಾಸಿನಲ್ಲಿ, 75,000 ಚದರ ಕಿಲೋಮೀಟರ್ ವಿಸ್ತಾರದ ಸಾಗರತಳವನ್ನು ಶೋಧಿಸುವ ಅಧಿಕಾರ ನಮ್ಮ ದೇಶಕ್ಕಿದೆ ಎಂಬ ಸಂಗತಿ ಕನ್ನಡದ ಓದುಗರಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ಕರ್ನಾಟಕದ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲಿನಷ್ಟು ದೊಡ್ಡ ಜಾಗ ಅದು. 1981ರ ಜನವರಿ 26ರಂದು ಭಾರತದ ಸಂಶೋಧನಾ ನೌಕೆ ‘ಗವೇಷಣಿ’ ಹಿಂದೂ ಮಹಾಸಾಗರದ ತಳದಿಂದ ನಮ್ಮ ದೇಶದ ಪಾಲಿಗೆ ಮೊದಲ ಬಹುಲೋಹ ಗಂಟುಗಳನ್ನು, ಅಂದರೆ ಹಲವು ಲೋಹಗಳಿರುವ ಕಲ್ಲಿನ ಉಂಡೆಗಳನ್ನು, ಮೇಲೆತ್ತಿತು. 1987ರಲ್ಲಿ ಭಾರತಕ್ಕೆ ‘ಪ್ರಥಮ ಹೂಡಿಕೆದಾರ’ ರಾಷ್ಟ್ರದ ಸ್ಥಾನ ಸಿಕ್ಕಿತು. 2002ರ ಮಾರ್ಚ್‌ನಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಂದಿಗೆ ಶೋಧನೆಯ ಒಪ್ಪಂದವಾಯಿತು. ಆ ತಳದ ಮೇಲೆ 38 ಕೋಟಿ ಟನ್ ಗಂಟುಗಳಿವೆ, ಅವುಗಳಲ್ಲಿ ನಿಕ್ಕಲ್, ತಾಮ್ರ, ಕೋಬಾಲ್ಟ್ ಮತ್ತು ಮ್ಯಾಂಗನೀಸ್ ಇವೆ ಎಂಬುದು ಸರ್ಕಾರದ್ದೇ ಅಂದಾಜು. 2021ರ ಜೂನ್‌ನಲ್ಲಿ ಐದು ವರ್ಷಗಳಿಗೆ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ಮೇಲಂತೂ ಮೂವರನ್ನು ಹೊತ್ತು 6,000 ಮೀಟರ್ ಆಳಕ್ಕೆ ಇಳಿಯಬೇಕಾದ ‘ಮತ್ಸ್ಯ 6000’ರ ಚಿತ್ರಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ.

ಕರಾವಳಿಯ ಊರೊಂದರಲ್ಲಿ ಭೌತವಿಜ್ಞಾನ ಬೋಧಿಸಿ ನಿವೃತ್ತನಾದ ನಾನು ಈ ಸಾಧನೆಗಳನ್ನು ಹಗುರವಾಗಿ ಕಾಣುವವನಲ್ಲ. ಗಣಿಗಾರಿಕೆ ಬೇಡವೇ ಬೇಡ ಎಂದು ವಾದಿಸುವುದಕ್ಕೂ ಈ ಪತ್ರ ಬರೆಯುತ್ತಿಲ್ಲ. ನನ್ನ ಬೇಡಿಕೆ ಇಷ್ಟು ಸೀಮಿತವಾದುದು: ಆ ಗಂಟುಗಳ ಮೇಲೆ ಹರಿಯುವ ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾವ ವೇಗದಲ್ಲಿ ಬರುತ್ತದೆ, ಅದು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಹಲವು ವರ್ಷಗಳ ಕಾಲ ಬಿಡದೆ ಅಳೆದು, ಆ ಅಂಕಿಅಂಶಗಳನ್ನು ಸಾರ್ವಜನಿಕರ ಮುಂದಿಟ್ಟ ಬಳಿಕವೇ ಯಂತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಳಗಿಳಿಸುವ ತೀರ್ಮಾನವಾಗಲಿ. ಹೀಗೆ ಕೇಳುವುದಕ್ಕೆ ಇರುವ ಕಾರಣಗಳನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಈ ಪತ್ರವನ್ನು ತಮ್ಮ ಜೊತೆಗೆ ಸಾಮಾನ್ಯ ಓದುಗರೂ ಓದಲಿ ಎಂಬುದು ನನ್ನ ಆಸೆ.

ಉಷ್ಣವಲಯದ ಸಮುದ್ರಗಳ ಆಳದಲ್ಲಿ ನೀರು ಕೊರೆಯುವಷ್ಟು ತಣ್ಣಗಿರುತ್ತದೆ ಎಂಬುದು ಹೊಸ ಸಂಗತಿಯಲ್ಲ. 1751ರಲ್ಲಿ ಹೆನ್ರಿ ಎಲ್ಲಿಸ್ ಎಂಬ ಇಂಗ್ಲಿಷ್ ಹಡಗಿನ ಕಪ್ತಾನ ಅಟ್ಲಾಂಟಿಕ್‌ನ ಬಿಸಿ ಭಾಗದಲ್ಲಿ ಮುಚ್ಚಳವಿದ್ದ ಬಕೆಟ್ಟನ್ನು ಸಾವಿರಾರು ಅಡಿ ಕೆಳಗಿಳಿಸಿ ತಣ್ಣೀರು ತೆಗೆದ, ಆ ನೀರಿನಿಂದ ಸ್ನಾನ ಮಾಡಿದ, ತನ್ನ ದ್ರಾಕ್ಷಾರಸವನ್ನೂ ತಂಪುಮಾಡಿಕೊಂಡ. (ಆ ಹಡಗು ಗುಲಾಮರನ್ನು ಸಾಗಿಸುತ್ತಿದ್ದ ಹಡಗು ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಸಾಗರವಿಜ್ಞಾನದ ಚರಿತ್ರೆಯೇನೂ ಕಳಂಕವಿಲ್ಲದ್ದಲ್ಲ.) ಬಿಸಿಲು ಸುಡುವ ಕಡೆಯಲ್ಲಿ ಇಷ್ಟು ತಣ್ಣನೆಯ ನೀರು ಅಲ್ಲೇ ಹುಟ್ಟಿರಲು ಸಾಧ್ಯವಿಲ್ಲ, ಅದು ಧ್ರುವಗಳ ಕಡೆಯಿಂದಲೇ ತಳದ ಗುಂಟ ಬಂದಿರಬೇಕು ಎಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೌಂಟ್ ರಮ್‌ಫೋರ್ಡ್ ತರ್ಕಿಸಿದ. ಅವನ ತರ್ಕ ಸರಿಯಾಗಿತ್ತು.

ಹಿಂದೂ ಮಹಾಸಾಗರದ ವಿಷಯದಲ್ಲಿ ಈ ತರ್ಕಕ್ಕೆ ಹೆಚ್ಚಿನ ಬಲವಿದೆ. ನಮ್ಮ ಸಾಗರದ ಉತ್ತರ ದಿಕ್ಕನ್ನು ಏಷ್ಯಾ ಖಂಡ ಮುಚ್ಚಿದೆ. ಉತ್ತರ ಧ್ರುವದ ಚಳಿ ನಮ್ಮ ಸಮುದ್ರವನ್ನು ಮುಟ್ಟುವುದೇ ಇಲ್ಲ. ಪರ್ಷಿಯನ್ ಕೊಲ್ಲಿಯಲ್ಲೂ ಕೆಂಪು ಸಮುದ್ರದಲ್ಲೂ ಬಿಸಿಲಿಗೆ ನೀರು ಆವಿಯಾಗಿ, ಉಳಿದದ್ದು ತುಂಬ ಉಪ್ಪಾಗಿ ಭಾರವಾಗುತ್ತದೆ ನಿಜ. ಆದರೆ ಅದು ಬೆಚ್ಚಗಿನ ನೀರು. ಕೊಲ್ಲಿಯಿಂದ ಹೊರಬಿದ್ದ ನೀರು ಇನ್ನೂರು ಮುನ್ನೂರು ಮೀಟರ್ ಆಳದಲ್ಲಿ, ಕೆಂಪು ಸಮುದ್ರದ ನೀರು ಇನ್ನೂ ಕೆಲವು ನೂರು ಮೀಟರ್ ಕೆಳಗೆ ತನಗೆ ಸರಿಸಮನಾದ ಭಾರದ ನೀರನ್ನು ಕಂಡು ಅಲ್ಲೇ ಹರಡಿಕೊಳ್ಳುತ್ತದೆ. ಉಪ್ಪಿದೆ, ಚಳಿ ಇಲ್ಲ. ಹಾಗಾಗಿ ಅದು ತಳ ಮುಟ್ಟುವುದಿಲ್ಲ. ನಮ್ಮ ಸಾಗರದ ಅತಿ ಆಳದ ನೀರೆಲ್ಲ ದಕ್ಷಿಣದಿಂದಲೇ ಬರಬೇಕು, ಅಂಟಾರ್ಕ್ಟಿಕದ ಅಂಚಿನಿಂದಲೇ ಇಳಿಯಬೇಕು.

ಅದು ಇಳಿಯುವ ಬಗೆಯನ್ನು ನೋಡುವುದಕ್ಕೆ ಅಂಟಾರ್ಕ್ಟಿಕದಲ್ಲಿರುವ ತಮ್ಮದೇ ಸಚಿವಾಲಯದ ‘ಭಾರತಿ’ ಸಂಶೋಧನಾ ನಿಲ್ದಾಣಕ್ಕಿಂತ ಒಳ್ಳೆಯ ನೆಲೆ ನಮಗಿಲ್ಲ. 2012ರಲ್ಲಿ ಆರಂಭವಾದ ಈ ನಿಲ್ದಾಣ ಪ್ರಿಡ್ಜ್ ಕೊಲ್ಲಿಯ ದಂಡೆಯ ಲಾರ್ಸ್‌ಮನ್ ಬೆಟ್ಟಗಳಲ್ಲಿದೆ. ಅಲ್ಲಿಂದ ಪಶ್ಚಿಮ ವಾಯವ್ಯಕ್ಕೆ ಮುನ್ನೂರು ಕಿಲೋಮೀಟರಿಗೂ ಸ್ವಲ್ಪ ದೂರದಲ್ಲಿ ಕೇಪ್ ಡಾರ್ನ್ಲಿ ಎಂಬ ಭೂಶಿರವಿದೆ. ಚಳಿಗಾಲದಲ್ಲಿ ಖಂಡದ ಎತ್ತರದ ಹಿಮದ ಬಯಲಿನಿಂದ ಭಾರವಾದ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ರಭಸದಿಂದ ಸಮುದ್ರಕ್ಕೆ ನುಗ್ಗುತ್ತದೆ. ಆಗತಾನೆ ಹೆಪ್ಪುಗಟ್ಟಿದ ತೆಳುಮಂಜನ್ನು ಆ ಗಾಳಿ ದಡದಿಂದ ಆಚೆಗೆ ತಳ್ಳುತ್ತದೆ. ಬಯಲಾದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಗಾಳಿ ಅದನ್ನೂ ತಳ್ಳುತ್ತದೆ. ಸುತ್ತ ಹಿಮ ಮುಚ್ಚಿದ ಸಮುದ್ರದ ನಡುವೆ ಹೀಗೆ ಚಳಿಗಾಲವಿಡೀ ತೆರೆದುಕೊಂಡೇ ಇರುವ ನೀರಿನ ಬಯಲಿಗೆ ವಿಜ್ಞಾನಿಗಳು ಪೊಲಿನ್ಯಾ ಎನ್ನುತ್ತಾರೆ. ಸಮುದ್ರದ ನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಉಪ್ಪಿನ ಬಹುಪಾಲನ್ನು ಒಳಗೆ ಸೇರಿಸಿಕೊಳ್ಳದೆ ಹೊರದಬ್ಬುತ್ತವೆ. ಹೊರಬಿದ್ದ ಉಪ್ಪುನೀರು ಕೆಳಗಿನ ನೀರಿನೊಂದಿಗೆ ಬೆರೆತು, ಖಂಡದ ಅಂಚಿನಿಂದ ನೀರಿನಡಿ ಚಾಚಿದ, ಆಳವಿಲ್ಲದ ಖಂಡಾವರಣ ಪ್ರದೇಶದ ಮೇಲೆ, ಹೆಪ್ಪುಗಟ್ಟುವ ಮಟ್ಟದಷ್ಟೇ ತಣ್ಣಗಿರುವ, ಸುತ್ತಲಿನದಕ್ಕಿಂತ ಹೆಚ್ಚು ಉಪ್ಪಾದ ನೀರಿನ ಸಂಗ್ರಹ ತಿಂಗಳುಗಟ್ಟಲೆ ಬೆಳೆಯುತ್ತ ಹೋಗುತ್ತದೆ.

ಒಂದು ಘನ ಮೀಟರ್ ಸಮುದ್ರದ ನೀರು ಹೆಚ್ಚುಕಡಿಮೆ 1,028 ಕಿಲೋಗ್ರಾಂ ತೂಗುತ್ತದೆ. ಈ ಸಂಗ್ರಹದ ನೀರಿಗೂ ಹೊರಗಿನ ನೀರಿಗೂ ಇರುವ ವ್ಯತ್ಯಾಸ ಒಂದು ಕಿಲೋಗ್ರಾಂನ ಸಣ್ಣದೊಂದು ಅಂಶ ಮಾತ್ರ. ಅಷ್ಟೇ ವ್ಯತ್ಯಾಸ ಸಾಕಾಗುತ್ತದೆ. ಖಂಡಾವರಣದ ಅಂಚು ದಾಟಿದ ಕೂಡಲೇ ಆ ನೀರು ಇಳಿಜಾರಿನ ಮೇಲೆ ತಳಕ್ಕೆ ಅಂಟಿಕೊಂಡು ಜಾರತೊಡಗುತ್ತದೆ. ಭೂಮಿಯ ತಿರುಗುವಿಕೆ ದಕ್ಷಿಣಾರ್ಧದಲ್ಲಿ ಅದನ್ನು ಎಡಕ್ಕೆ, ಅಂದರೆ ಪಶ್ಚಿಮಕ್ಕೆ, ಎಳೆಯುವುದರಿಂದ ನೆಟ್ಟಗೆ ಇಳಿಯಲಾಗದೆ ಇಳಿಜಾರನ್ನು ಓರೆಯಾಗಿ ಸವರುತ್ತ ಸಾಗುತ್ತದೆ. ದಾರಿಯಲ್ಲಿ ಸಾಗರತಳದ ಕಂದರ ಸಿಕ್ಕರೆ ಅದರೊಳಗೆ ಧುಮುಕಿ ಬೇಗ ಕೆಳಗಿಳಿಯುತ್ತದೆ. ಇಳಿಯುವಾಗ ಸುತ್ತಲಿನ ಬೆಚ್ಚನೆಯ ನೀರನ್ನು ತನ್ನೊಳಗೆ ಸೆಳೆದುಕೊಂಡು ಪ್ರಮಾಣದಲ್ಲಿ ಹಿಗ್ಗುತ್ತದೆ, ಶೈತ್ಯದಲ್ಲಿ ಸ್ವಲ್ಪ ಕುಂದುತ್ತದೆ. ಇದಕ್ಕೆ ಇನ್ನೊಂದು ಅನುಕೂಲವೂ ಒದಗುತ್ತದೆ. ಒತ್ತಡ ಏರಿದಂತೆ ತಣ್ಣೀರು ಬಿಸಿನೀರಿಗಿಂತ ಹೆಚ್ಚು ಅಡಕವಾಗುತ್ತದೆಯಾದ್ದರಿಂದ, ಆಳಕ್ಕೆ ಹೋದಷ್ಟೂ ಅದರ ಭಾರದ ಮೇಲುಗೈ ಹೆಚ್ಚುತ್ತದೆ. ಉಪ್ಪಿನಿಂದ ಶುರುವಾದ ಇಳಿತವನ್ನು ಚಳಿ ತಳದ ತನಕ ಮುಗಿಸುತ್ತದೆ.

ಅಂಟಾರ್ಕ್ಟಿಕದ ಅಂಚಿನ ವೆಡೆಲ್ ಸಮುದ್ರ, ರಾಸ್ ಸಮುದ್ರ ಮತ್ತು ಅಡೇಲಿ ತೀರ ಈ ಮೂರೇ ತಳನೀರಿನ ಮೂಲಗಳೆಂದು ಬಹುಕಾಲ ತಿಳಿಯಲಾಗಿತ್ತು. ಕೇಪ್ ಡಾರ್ನ್ಲಿ ನಾಲ್ಕನೆಯ ಮೂಲವೆಂದು ಸಿದ್ಧವಾದದ್ದು 2013ರಲ್ಲಿ. ಜಪಾನಿನ ಹೊಕ್ಕಾಯ್ಡೋ ವಿಶ್ವವಿದ್ಯಾಲಯದ ಕೇ ಓಷಿಮಾ ಮತ್ತು ಸಂಗಡಿಗರು ಅಲ್ಲಿನ ಕಂದರಗಳಲ್ಲಿ 2008-09ರಲ್ಲಿ ಲಂಗರು ಹಾಕಿ ನಿಲ್ಲಿಸಿದ ಉಪಕರಣಗಳ ದಾಖಲೆಯನ್ನೂ, ತಲೆಗೆ ಸಂವೇದಕ ಅಂಟಿಸಿಕೊಂಡು ಮುಳುಗಿ ಏಳುತ್ತಿದ್ದ ಆನೆಸೀಲ್‌ಗಳು ತಂದ ಅಳತೆಗಳನ್ನೂ ಜೋಡಿಸಿ ಅದನ್ನು ತೋರಿಸಿದರು. ಅಂಟಾರ್ಕ್ಟಿಕದ ಒಟ್ಟು ತಳನೀರಿನಲ್ಲಿ ಇದರ ಪಾಲು ಶೇಕಡ 6ರಿಂದ 13 ಎಂದು ಅವರ ಲೆಕ್ಕ. 2016ರಲ್ಲಿ ಮತ್ತೊಂದು ತಂಡ, ಮತ್ತೆ ಆನೆಸೀಲ್‌ಗಳ ನೆರವಿನಿಂದಲೇ, ಭಾರತಿ ಇರುವ ಪ್ರಿಡ್ಜ್ ಕೊಲ್ಲಿಯಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಕಂಡಿತು: ಅಲ್ಲೂ ಭಾರದ ನೀರು ತಯಾರಾಗುತ್ತದೆ, ಆದರೆ ಖಂಡದಿಂದ ಸಮುದ್ರದ ಮೇಲೆ ಚಾಚಿ ತೇಲುವ ಏಮರಿ ಹಿಮಚಾಚು ಕರಗಿ ಬಿಡುವ ಸಿಹಿನೀರು ಅದನ್ನು ಹಗುರಗೊಳಿಸಿ, ತಳಕ್ಕೆ ಇಳಿಯುವ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ನಮ್ಮ ನಿಲ್ದಾಣದ ನೆರೆಯಲ್ಲಿ ನಡೆಯುವ ವಿದ್ಯಮಾನ ಇದು.

ಇಲ್ಲಿ ಒಂದು ಎಚ್ಚರಿಕೆಯನ್ನು ನಾನೇ ಹೇಳಬೇಕು. ಭಾರತಿಯ ಬಳಿ ಮುಳುಗುವ ನೀರು ನೇರವಾಗಿ ನಮ್ಮ ಗಂಟುಗಳ ಮೇಲೆ ಬಂದು ಹರಿಯುತ್ತದೆ ಎಂದು ಬರೆದರೆ ಪತ್ರಕ್ಕೆ ರಂಗು ಬರುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಕೇಪ್ ಡಾರ್ನ್ಲಿಯ ನೀರು ಪಶ್ಚಿಮಕ್ಕೆ ತಿರುಗಿ ವೆಡೆಲ್ ಸಮುದ್ರದ ಕಡೆಯ ಸುತ್ತುವ ಪ್ರವಾಹದಲ್ಲಿ ಸೇರಿಕೊಳ್ಳುತ್ತದೆ. ಆ ಕಡೆಯ ತಳನೀರು ದಕ್ಷಿಣ ಹಿಂದೂ ಮಹಾಸಾಗರದ ಕ್ರೋಜೆ ಮತ್ತು ಕೆರ್ಗೆಲೆನ್ ದ್ವೀಪಗಳ ನಡುವಿನ ತಗ್ಗಿನಿಂದ ಉತ್ತರಕ್ಕೆ ಹರಿದು, ಮಡಗಾಸ್ಕರ್‌ನ ಪೂರ್ವಕ್ಕಿರುವ ಕೊಳ್ಳಗಳನ್ನು ದಾಟಿ, ಸೊಮಾಲಿಯದ ಮುಂದಿನ ಆಳ ಕೊಳ್ಳವನ್ನು ಸೇರಿ, ಕೊನೆಗೆ ಓವನ್ ಬಿರುಕು ವಲಯದ ಕಂಡಿಗಳ ಮೂಲಕ ಅರಬ್ಬೀ ಸಮುದ್ರದ ತಳವನ್ನು ತಲುಪುತ್ತದೆ. ಕಾರವಾರದಿಂದ ಮಂಗಳೂರಿನ ತನಕ ನಾವು ದಿನವೂ ನೋಡುವ ಸಮುದ್ರದ ಅತಿ ಆಳದ ಭಾಗದಲ್ಲಿರುವ ನೀರು, ದಾರಿಯುದ್ದಕ್ಕೂ ಬೆರಕೆಯಾಗಿ ಬಹಳವೇ ಬದಲಾಗಿದ್ದರೂ, ಆ ದೂರದ ಹಿಮದ ಸಂತಾನ.

ಗಂಟುಗಳಿರುವ ಮಧ್ಯ ಹಿಂದೂ ಮಹಾಸಾಗರದ ಕೊಳ್ಳಕ್ಕೆ ನೀರು ಬರುವುದು ಇನ್ನೊಂದು ಬಾಗಿಲಿನಿಂದ. ಆ ಕೊಳ್ಳದ ಪಶ್ಚಿಮಕ್ಕೂ ದಕ್ಷಿಣಕ್ಕೂ ಸಾಗರಮಧ್ಯದ ಪರ್ವತಸಾಲುಗಳು ಅಡ್ಡಗಟ್ಟಿವೆ. ಪೂರ್ವಕ್ಕೆ ‘ನೈಂಟಿ ಈಸ್ಟ್ ರಿಡ್ಜ್’ ಎಂಬ, ಹೆಸರಿಗೆ ತಕ್ಕಂತೆ 90 ಡಿಗ್ರಿ ಪೂರ್ವ ರೇಖಾಂಶದ ಗುಂಟ ಸಾವಿರಾರು ಕಿಲೋಮೀಟರ್ ಚಾಚಿದ ಸಾಲಿದೆ. ಈ ಸಾಲಿನಲ್ಲಿ ಸುಮಾರು 10 ಮತ್ತು 5 ಡಿಗ್ರಿ ದಕ್ಷಿಣ ಅಕ್ಷಾಂಶಗಳ ಬಳಿ ತಗ್ಗುಗಳಿದ್ದು, ಅವುಗಳ ಮೇಲೆ ಹಾಯ್ದು ಪೂರ್ವದ ಕೊಳ್ಳದ ತಣ್ಣೀರು ಪಶ್ಚಿಮಕ್ಕೆ ಚೆಲ್ಲುತ್ತದೆ ಎಂಬುದನ್ನು ಅಮೆರಿಕದ ಸಾಗರವಿಜ್ಞಾನಿ ಬ್ರೂಸ್ ವಾರೆನ್ 1980ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ಆ ಪೂರ್ವದ ಕೊಳ್ಳಕ್ಕೆ ನೀರು ಬರುವುದು ಆಸ್ಟ್ರೇಲಿಯದ ದಕ್ಷಿಣದಿಂದ. ಅಲ್ಲಿಗೆ ಬರುವುದು ಮುಖ್ಯವಾಗಿ ರಾಸ್ ಸಮುದ್ರ ಮತ್ತು ಅಡೇಲಿ ತೀರದಿಂದ. ಕೆರ್ಗೆಲೆನ್ ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿ ಈ ನೀರಿನ ಒಂದು ಕವಲನ್ನು ಜಪಾನ್ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು ಎರಡು ವರ್ಷ ಲಂಗರು ಹಾಕಿ ಅಳೆದು 2010ರಲ್ಲಿ ಪ್ರಕಟಿಸಿದರು: 3,500 ಮೀಟರ್ ಆಳದಲ್ಲಿ ಸರಾಸರಿ ಸೆಕೆಂಡಿಗೆ 20 ಸೆಂಟಿಮೀಟರಿಗೂ ಹೆಚ್ಚು ವೇಗ, ಉತ್ತರಕ್ಕೆ ಸೆಕೆಂಡಿಗೆ ಸುಮಾರು 1.2 ಕೋಟಿ ಘನ ಮೀಟರ್ ನೀರು. ಜಗತ್ತಿನ ಎಲ್ಲ ನದಿಗಳು ಸೇರಿ ಸಮುದ್ರಕ್ಕೆ ಸುರಿಯುವ ನೀರಿನ ಹತ್ತು ಪಟ್ಟು ಅದು. ಅದರಲ್ಲಿ ಒಂದಷ್ಟು ಭಾಗ ಮತ್ತೆ ದಕ್ಷಿಣಕ್ಕೇ ತಿರುಗಿಕೊಳ್ಳುತ್ತದೆ ಎಂಬುದನ್ನು ಕಳೆದರೂ ಉಳಿಯುವುದು ಅಗಾಧವೇ.

ಇಷ್ಟು ದೂರ ಬಂದ ನೀರು ನಮ್ಮ ಒಪ್ಪಂದದ ಪ್ರದೇಶದಲ್ಲಿ ಮಾಡುವುದೇನು? ಮೊದಲನೆಯದಾಗಿ, ಉಸಿರು ಕೊಡುತ್ತದೆ. ಐದು ಕಿಲೋಮೀಟರ್ ಆಳಕ್ಕೆ ಬೆಳಕು ಇಳಿಯದು, ಅಲ್ಲಿ ಆಮ್ಲಜನಕ ತಯಾರಿಸುವ ಪಾಚಿಯಿಲ್ಲ. ಕೆಸರಿನೊಳಗಿನ ಹುಳುಗಳಿಗೂ ಸೀಗಡಿಯಂಥ ಜೀವಿಗಳಿಗೂ ದೊರೆಯುವ ಆಮ್ಲಜನಕವೆಲ್ಲ ಅಂಟಾರ್ಕ್ಟಿಕದ ಮೇಲ್ಮೈಯಲ್ಲಿ ಗಾಳಿಯಿಂದ ಕರಗಿ, ನೀರಿನ ಜೊತೆ ಮುಳುಗಿ, ದಶಕ ಶತಮಾನಗಳ ಪಯಣದ ಬಳಿಕ ಅಲ್ಲಿಗೆ ಮುಟ್ಟಿದ್ದು. ಎರಡನೆಯದು ಗಂಟುಗಳದೇ ಕಥೆ. ಆಲೂಗಡ್ಡೆಯ ಗಾತ್ರದ, ಕಪ್ಪು ಕಂದು ಬಣ್ಣದ, ಅರ್ಧ ಕೆಸರಿನಲ್ಲಿ ಹುದುಗಿ ಅರ್ಧ ನೀರಿಗೆ ಮುಖ ಮಾಡಿದ ಈ ಗಂಟೊಂದನ್ನು ಕೊಯ್ದು ನೋಡಿದರೆ, ನಡುವೆ ಮೀನಿನ ಹಲ್ಲಿನ ಅಥವಾ ಲಾವಾ ಕಲ್ಲಿನ ಚೂರು, ಅದರ ಸುತ್ತ ಪದರದ ಮೇಲೆ ಪದರ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಕಾಣುತ್ತವೆ. ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಮಾತ್ರ ಅದರ ಬೆಳವಣಿಗೆ. ಆಮ್ಲಜನಕ ತುಂಬಿದ ತಳನೀರು ಇಲ್ಲದಿದ್ದರೆ ಆ ಆಕ್ಸೈಡುಗಳು ಹೀಗೆ ಕೂರುತ್ತಲೇ ಇರಲಿಲ್ಲ. ಮ್ಯಾಂಗನೀಸ್ ಕರಗಿದ ರೂಪದಲ್ಲೇ ಉಳಿದುಬಿಡುತ್ತಿತ್ತು.

ಇದರಲ್ಲಿ ಒಂದು ಒಗಟೂ ಇದೆ. ಅಲ್ಲಿ ಮೇಲಿನಿಂದ ಬೀಳುವ ಹೂಳು ಅತಿ ಕಡಿಮೆ ಎಂದರೂ ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್ ಆಗುತ್ತದೆ, ಅಂದರೆ ಗಂಟು ಬೆಳೆಯುವುದಕ್ಕಿಂತ ಸಾವಿರ ಪಟ್ಟು ಬೇಗ. ಲೆಕ್ಕದ ಪ್ರಕಾರ ಗಂಟುಗಳೆಲ್ಲ ಎಂದೋ ಹೂತುಹೋಗಿರಬೇಕಿತ್ತು. ಹಾಗಾಗದೆ ಅವು ತಳದ ಮೇಲೇ ಉಳಿದಿರುವುದಕ್ಕೆ ಕೆಸರನ್ನು ಕೆದಕುವ ಜೀವಿಗಳೂ, ನುಣ್ಣನೆಯ ಹೂಳನ್ನು ಕೂರಗೊಡದೆ ಸರಿಸುವ ತಳದ ಪ್ರವಾಹಗಳೂ ಕಾರಣವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಜೊತೆಗೆ ಈ ಹಳೆಯ ತಣ್ಣೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವುದರಿಂದ, ಮೇಲಿನಿಂದ ಬೀಳುವ ಸುಣ್ಣದ ಚಿಪ್ಪುಗಳು ಅಲ್ಲಿ ಕರಗಿಹೋಗಿ, ಡಯಾಟಮ್ ಮತ್ತು ರೇಡಿಯೋಲೇರಿಯ ಎಂಬ ಸೂಕ್ಷ್ಮಜೀವಿಗಳ ಸಿಲಿಕಾ ಚಿಪ್ಪಿನ ಕೆಸರೂ ಕೆಂಪು ಜೇಡಿಯೂ ಮಾತ್ರ ಉಳಿಯುತ್ತವೆ. ಗಂಗಾ ಬ್ರಹ್ಮಪುತ್ರಗಳು ಹೊತ್ತು ತಂದು ಬಂಗಾಳ ಕೊಲ್ಲಿಯ ಮೂಲಕ ಭೂಮಧ್ಯರೇಖೆಯ ಆಚೆಗೂ ಹರಡಿದ ಹೂಳಿನ ರಾಶಿ ಮುಗಿದಲ್ಲಿ ಗಂಟುಗಳ ಬಯಲು ಶುರುವಾಗುವುದೂ ಆಕಸ್ಮಿಕವಲ್ಲ. ಒಟ್ಟಿನಲ್ಲಿ ತಮ್ಮ ಸಚಿವಾಲಯ ಸಂಪತ್ತೆಂದು ಲೆಕ್ಕಹಾಕುತ್ತಿರುವ ವಸ್ತುವೇ ಈ ತಣ್ಣೀರಿನ ಕೊಡುಗೆ.

ಆ ಕೊಳ್ಳದಲ್ಲಿ ಪ್ರವಾಹದ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್, ಅದರಿಂದ ಆತಂಕವೇನೂ ಇಲ್ಲ ಎಂಬ ಉತ್ತರ ಬರಬಹುದು. ಸರಾಸರಿಯನ್ನು ನಂಬಿ ಕೂರಬಾರದೆಂಬುದಕ್ಕೆ ಬೇರೆ ಸಾಗರಗಳಲ್ಲಿ ಸಾಕ್ಷ್ಯವಿದೆ. ಕೆನಡಾದ ನೋವಾ ಸ್ಕೋಷಿಯ ತೀರದಾಚೆ 4,800 ಮೀಟರ್ ಆಳದಲ್ಲಿ 1980ರ ದಶಕದಲ್ಲಿ ನಡೆದ ದೀರ್ಘ ಅಧ್ಯಯನದಲ್ಲಿ, ವರ್ಷದ ಬಹುಕಾಲ ಶಾಂತವಾಗಿರುವ ತಳದಲ್ಲಿ ಆಗಾಗ ದಿನಗಟ್ಟಲೆ ‘ತಳದ ಬಿರುಗಾಳಿ’ಗಳೆದ್ದು ಕೆಸರನ್ನು ಕಿತ್ತೊಯ್ಯುವುದು ಕಂಡುಬಂತು. ಪೆಸಿಫಿಕ್‌ನ ಗಂಟುಗಳ ವಲಯದಲ್ಲಿ, ಮೆಕ್ಸಿಕೋ ತೀರದ ಗಾಳಿಯಿಂದ ಮೇಲ್ಮೈಯಲ್ಲಿ ಹುಟ್ಟಿದ ಸುಳಿಗಳು ನಾಲ್ಕು ಕಿಲೋಮೀಟರ್ ಕೆಳಗಿನ ಪ್ರವಾಹವನ್ನೂ ಚುರುಕುಗೊಳಿಸುತ್ತವೆ ಎಂದು 2017ರಲ್ಲಿ ವರದಿಯಾಯಿತು. ಒಂದೆರಡು ಋತುಗಳ ಅಳತೆಗೆ ಇಂಥವು ಸಿಗದೇ ಹೋಗುವ ಸಂಭವವೇ ಹೆಚ್ಚು.

ದೀರ್ಘ ದಾಖಲೆಯ ಬೆಲೆ ಎಂಥದು ಎಂಬುದಕ್ಕೆ ಮೆಡಿಟರೇನಿಯನ್‌ನ ಒಂದು ಪ್ರಕರಣವನ್ನು ವಿಶೇಷವಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ. ಫ್ರಾನ್ಸ್ ಮತ್ತು ಸ್ಪೇನ್‌ಗಳ ನಡುವಿನ ಲಿಯಾನ್ ಕೊಲ್ಲಿಯಲ್ಲಿ ಚಳಿಗಾಲದ ಒಣ ಉತ್ತರದ ಗಾಳಿ ಆಳವಿಲ್ಲದ ನೀರನ್ನು ತಣಿಸಿ, ಆವಿಯಾಗಿಸಿ ಭಾರಗೊಳಿಸುತ್ತದೆ. ಕೆಲವು ವರ್ಷಗಳಲ್ಲಿ ಆ ನೀರು ಕ್ರೇಯುಸ್ ಭೂಶಿರದ ಬಳಿಯ ಕಂದರದ ಮೂಲಕ ಸಾವಿರಾರು ಮೀಟರ್ ಕೆಳಗೆ ಭೋರ್ಗರೆದು ಇಳಿಯುತ್ತದೆ. 2005ರ ಚಳಿಗಾಲದಲ್ಲಿ ಅದರ ವೇಗ ಸೆಕೆಂಡಿಗೆ 80 ಸೆಂಟಿಮೀಟರನ್ನು ಮೀರಿತ್ತು. ಕಂದರದ ತಳದಲ್ಲಿ ನೇಗಿಲಿನಿಂದ ಗೀರಿದಂಥ ಉದ್ದುದ್ದ ಸಾಲುಗಳು ಮೂಡಿರುವುದು ಇಂಥ ಇಳಿತಗಳಿಂದಲೇ. ಹೀಗಾದ ವರ್ಷ ಅಲ್ಲಿನ ಮೀನುಗಾರರಿಗೆ ಬೆಲೆಬಾಳುವ ಕೆಂಪು ಸೀಗಡಿ ಸಿಗದೆ ಬಲೆ ಬರಿದಾಗುತ್ತದೆ. ಆದರೆ ಮೂರರಿಂದ ಐದು ವರ್ಷಗಳ ನಂತರ ಅದೇ ಸೀಗಡಿಯ ಇಳುವರಿ ಏರುತ್ತದೆ, ಏಕೆಂದರೆ ನೀರು ಹೊತ್ತು ತಂದ ಜೈವಿಕ ಪದಾರ್ಥ ಮರಿಗಳಿಗೆ ಆಹಾರವಾಗಿರುತ್ತದೆ. ಕೆಟಲೋನಿಯದ ಬಂದರುಗಳ ಮೀನು ಮಾರಾಟದ ಹಳೆಯ ಲೆಕ್ಕಪತ್ರಗಳನ್ನು ಸಮುದ್ರದ ಅಳತೆಗಳ ಜೊತೆ ಇಟ್ಟು ನೋಡಿದಾಗಲೇ ಈ ನಂಟು ಹೊಳೆದದ್ದು. ಒಂದು ವರ್ಷ ಮಾತ್ರ ನೋಡಿದವರು ‘ಪ್ರವಾಹದಿಂದ ನಾಶ’ ಎಂದು ಬರೆಯುತ್ತಿದ್ದರು; ನಾಲ್ಕನೆಯ ವರ್ಷ ಮಾತ್ರ ನೋಡಿದವರು ‘ಪ್ರವಾಹವೇ ಕಾಣಲಿಲ್ಲ, ಸೀಗಡಿ ಹೇರಳ’ ಎನ್ನುತ್ತಿದ್ದರು.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ತನ್ನ ‘ವರಾಹ’ ಯಂತ್ರವನ್ನು 5,270 ಮೀಟರ್ ಆಳದಲ್ಲಿ ಓಡಿಸಿ ನೋಡಿತು. ಇಂಥ ಯಂತ್ರ ಗಂಟುಗಳನ್ನು ಬಾಚುವಾಗ ಏಳುವ ಕೆಸರಿನ ಮೋಡವೂ ತಣ್ಣೀರಿನ ನಿಯಮಕ್ಕೇ ಒಳಪಟ್ಟದ್ದು: ಮಣ್ಣು ಬೆರೆತ ನೀರು ಸುತ್ತಲಿನ ನೀರಿಗಿಂತ ಭಾರವಾಗಿ, ತಳಕ್ಕೆ ಅಂಟಿಕೊಂಡು ಇಳಿಜಾರಿನತ್ತ ಹರಡುತ್ತದೆ. ಪೆಸಿಫಿಕ್‌ನಲ್ಲಿ 2021ರಲ್ಲಿ ನಡೆದ ಪರೀಕ್ಷೆಯೊಂದರ ಬಗ್ಗೆ ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮರುವರ್ಷ ಪ್ರಕಟಿಸಿದ ಪ್ರಕಾರ, ಎದ್ದ ಕೆಸರಿನಲ್ಲಿ ಶೇಕಡ 92ರಿಂದ 98ರಷ್ಟು ತಳದಿಂದ ಎರಡು ಮೀಟರ್ ಎತ್ತರದೊಳಗೇ ಉಳಿಯಿತು. ಗಣಿಗಾರಿಕೆಯ ಪರವಾಗಿರುವವರಿಗೆ ಇದು ಸಮಾಧಾನದ ಸುದ್ದಿ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಉಳಿದ ಶೇಕಡ 2ರಿಂದ 8 ಎಲ್ಲಿಗೆ ಹೋಗುತ್ತದೆ, ತಗ್ಗಿನಲ್ಲಿ ಹರಡಿದ್ದು ಮತ್ತೆ ಯಾವಾಗ ಎದ್ದೇಳುತ್ತದೆ ಎಂಬುದನ್ನು ತೀರ್ಮಾನಿಸುವುದು ತಳದ ಪ್ರವಾಹ. ಯಂತ್ರ ನಾಲ್ಕೈದು ದಿನ ಓಡಿದಾಗಿನ ಅಳತೆಯಿಂದ, ಹಗಲುರಾತ್ರಿ ವರ್ಷಗಟ್ಟಲೆ ಓಡುವ ಯಂತ್ರದ ಪರಿಣಾಮವನ್ನು ಊಹಿಸಲಾಗದು.

ತಳದ ನೆನಪು ದೀರ್ಘವಾದದ್ದು ಎಂಬುದೂ ಗೊತ್ತಿರುವ ಸಂಗತಿ. ಪೆರು ದೇಶದ ಮುಂದಿನ ಕೊಳ್ಳದಲ್ಲಿ ಜರ್ಮನಿಯ ವಿಜ್ಞಾನಿಗಳು 1989ರಲ್ಲಿ ಪ್ರಯೋಗಕ್ಕೆಂದು ಉತ್ತ ಸಾಲುಗಳು 2015ರಲ್ಲಿ ಹೋಗಿ ನೋಡಿದಾಗಲೂ ಹಾಗೆಯೇ ಕಾಣುತ್ತಿದ್ದವು. ನಾವೂ 1997ರಲ್ಲಿ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ, ಮಧ್ಯ ಹಿಂದೂ ಮಹಾಸಾಗರದಲ್ಲಿ ಮೂರು ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯೊಂದರಲ್ಲಿ ಬೇಕೆಂದೇ ಕೆಸರನ್ನು ಕಲಕಿ ಪರಿಣಾಮವನ್ನು ಅಭ್ಯಸಿಸಿದ್ದೇವೆ. ಅಂಥ ಕೆಲಸವನ್ನು ಆ ಕಾಲದಲ್ಲೇ ಕೈಗೊಂಡ ದೇಶಗಳು ಬೆರಳೆಣಿಕೆಯಷ್ಟು. ನಮ್ಮ ವಿಜ್ಞಾನಿಗಳ ದೂರದೃಷ್ಟಿಗೆ ಅದು ಸಾಕ್ಷಿ. ಅದೇ ದೃಷ್ಟಿ ಮುಂದುವರಿಯಲಿ ಎಂದಷ್ಟೇ ನಾನು ಕೇಳುತ್ತಿರುವುದು.

ಅಳತೆಯನ್ನು ಶುರುಮಾಡಲು ವಿಳಂಬ ಮಾಡಬಾರದೆನ್ನುವುದಕ್ಕೆ ಇನ್ನೊಂದು ಕಾರಣವಿದೆ: ಮೂಲವೇ ಬದಲಾಗುತ್ತಿದೆ. 2010ರ ಫೆಬ್ರವರಿಯಲ್ಲಿ ಅಡೇಲಿ ತೀರದ ಮೆರ್ಟ್ಸ್ ಹಿಮನದಿಯ ನಾಲಗೆಗೆ ದೊಡ್ಡ ಹಿಮಗಡ್ಡೆಯೊಂದು ಬಡಿದು, ಸುಮಾರು 78 ಕಿಲೋಮೀಟರ್ ಉದ್ದದ ತುಂಡು ಮುರಿದುಹೋಯಿತು. ತೇಲಿಬರುವ ಹಿಮವನ್ನು ತಡೆದು ಪೊಲಿನ್ಯಾವನ್ನು ತೆರೆದಿಡುತ್ತಿದ್ದದ್ದು ಆ ನಾಲಗೆಯೇ. ಅದು ಹೋದದ್ದೇ ತಡ, ಅಲ್ಲಿ ಮಂಜು ಕಟ್ಟುವುದೂ ಭಾರದ ನೀರು ಹುಟ್ಟುವುದೂ ಗಣನೀಯವಾಗಿ ಇಳಿದವು. ನಮ್ಮ ಗಂಟುಗಳ ಕೊಳ್ಳಕ್ಕೆ ಕೊನೆಗೆ ಬಂದು ಸೇರುವ ನೀರಿನ ತವರು ಅದೇ ಕಡೆ ಎಂಬುದನ್ನು ಮೇಲೆ ಹೇಳಿದ್ದೇನೆ. ಆಸ್ಟ್ರೇಲಿಯದ ದಕ್ಷಿಣದ ಕೊಳ್ಳದಲ್ಲಿ 1994ರಿಂದ 2009ರವರೆಗೆ ತಳನೀರಿನ ಹರಿವು ದಶಕಕ್ಕೆ ಸೆಕೆಂಡಿಗೆ ಸುಮಾರು 8 ಲಕ್ಷ ಘನ ಮೀಟರಿನಂತೆ ಕುಗ್ಗಿತು, ಜೊತೆಗೆ ಆಮ್ಲಜನಕವೂ ಇಳಿಯಿತು, ಆ ಬಳಿಕ ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡಿತು ಎಂದು 2023ರ ಅಧ್ಯಯನವೊಂದು ತೋರಿಸಿದೆ. ಅದೇ ವರ್ಷ ಪ್ರಕಟವಾದ ಗಣಕ ಮಾದರಿಯ ಲೆಕ್ಕವೊಂದು, ಹಸಿರುಮನೆ ಅನಿಲಗಳು ಹೀಗೇ ಏರಿದರೆ 2050ರ ಹೊತ್ತಿಗೆ ಅಂಟಾರ್ಕ್ಟಿಕದ ಆಳದ ಹರಿವು ಶೇಕಡ 40ಕ್ಕೂ ಹೆಚ್ಚು ನಿಧಾನಿಸೀತು ಎನ್ನುತ್ತದೆ. ಮಾದರಿಯ ಲೆಕ್ಕ ತಪ್ಪಬಹುದು. ಆದರೂ ಮೂವತ್ತು ವರ್ಷಗಳ ಗಣಿ ಗುತ್ತಿಗೆಯ ಬಗ್ಗೆ ಯೋಚಿಸುವವರು ಕಡೆಗಣಿಸಬಹುದಾದ ಸಂಗತಿ ಇದಲ್ಲ. ಯಂತ್ರ ಇಳಿದ ಮೇಲೆ ತಳದ ಜೀವಿಗಳು ಕ್ಷೀಣಿಸಿದರೆ, ಅದು ಯಂತ್ರದಿಂದಲೋ, ದೂರದಲ್ಲಿ ಬತ್ತುತ್ತಿರುವ ತಣ್ಣೀರಿನಿಂದಲೋ ಎಂದು ಹೇಳಬಲ್ಲವರು ಯಾರು? ಮೊದಲಿನಿಂದ ಅಳೆದಿಟ್ಟವರು ಮಾತ್ರ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಒಪ್ಪಂದದ ಪ್ರದೇಶದಲ್ಲಿಯೂ, ನೈಂಟಿ ಈಸ್ಟ್ ಸಾಲಿನ ತಗ್ಗುಗಳಲ್ಲಿಯೂ ತಳಕ್ಕೆ ಹತ್ತಿರದಲ್ಲಿ ಪ್ರವಾಹ, ಉಷ್ಣಾಂಶ, ಲವಣಾಂಶ, ಆಮ್ಲಜನಕ ಮತ್ತು ಕೆಸರಿನ ಪ್ರಮಾಣವನ್ನು ಅಳೆಯುವ ಲಂಗರು ಉಪಕರಣಗಳನ್ನು ಕನಿಷ್ಠ ಐದು ವರ್ಷ ಬಿಡುವಿಲ್ಲದೆ ನಿಲ್ಲಿಸಬೇಕು. ತಳದ ಪ್ರವಾಹದ ಮಾಹಿತಿಯನ್ನು ಸಾಗರತಳ ಪ್ರಾಧಿಕಾರದ ಮಾರ್ಗಸೂಚಿಗಳೇ ಕೇಳುತ್ತವೆ. ನಾನು ಕೇಳುತ್ತಿರುವುದು ಕನಿಷ್ಠ ಅಗತ್ಯವನ್ನು ಮೀರಿದ ಅವಧಿಯನ್ನು. ಸಾಗರದ ಮಾಹಿತಿ ಒದಗಿಸುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೋಡಿಕೊಳ್ಳುವ, ತಾವಾಗಿಯೇ ಮುಳುಗಿ ಏಳುತ್ತ ನೀರನ್ನು ಅಳೆಯುವ ಆರ್ಗೋ ತೇಲುಮಾಪಕಗಳಲ್ಲಿ ಸಾಮಾನ್ಯವಾದವು 2,000 ಮೀಟರಿನಲ್ಲೇ ನಿಲ್ಲುತ್ತವೆ. 6,000 ಮೀಟರ್ ತನಕ ಇಳಿಯಬಲ್ಲ ಮಾದರಿಗಳು ಈಗ ಲಭ್ಯವಿರುವುದರಿಂದ ಅವನ್ನು ಈ ಕೊಳ್ಳದಲ್ಲಿಯೂ ಅರಬ್ಬೀ ಸಮುದ್ರದ ಆಳದಲ್ಲಿಯೂ ಬಿಡಬೇಕು. ಭಾರತಿ ನಿಲ್ದಾಣದ ನೆರೆಯಲ್ಲಿ, ಈಗಾಗಲೇ ಆ ಕಡೆ ಕೆಲಸ ಮಾಡಿರುವ ಜಪಾನ್ ಮತ್ತು ಆಸ್ಟ್ರೇಲಿಯದ ತಂಡಗಳ ಜೊತೆಗೂಡಿ, ಪ್ರಿಡ್ಜ್ ಕೊಲ್ಲಿ ಮತ್ತು ಕೇಪ್ ಡಾರ್ನ್ಲಿಯ ತಳನೀರಿನ ವಾರ್ಷಿಕ ದಾಖಲೆಯನ್ನು ನಮ್ಮ ಅಂಟಾರ್ಕ್ಟಿಕ ಯಾತ್ರೆಗಳ ಕಾಯಂ ಕೆಲಸವಾಗಿಸಬೇಕು. ಧ್ರುವ ಸಂಶೋಧನೆಯ ಲೆಕ್ಕ ಒಂದು ಕಡತದಲ್ಲಿ, ಗಣಿಗಾರಿಕೆಯ ಲೆಕ್ಕ ಇನ್ನೊಂದು ಕಡತದಲ್ಲಿ ಇದ್ದರೆ ಇರಲಿ. ಗಣಿಯ ತೀರ್ಮಾನ ಮಾಡುವ ಮೇಜಿನ ಮೇಲೆ ಎರಡೂ ಕಡತಗಳು ಒಟ್ಟಿಗೆ ಬರಲಿ.

ಇನ್ನುಳಿದದ್ದು ಪ್ರಕಟಣೆಯ ಮಾತು. ಗಣಿಗಾರಿಕೆಯ ನಿಯಮಾವಳಿಯನ್ನು ಪ್ರಾಧಿಕಾರ ಇನ್ನೂ ಚರ್ಚಿಸುತ್ತಿರುವ ಈ ಹೊತ್ತಿನಲ್ಲಿ, 1997ರ ಪ್ರಯೋಗದಿಂದ ಹಿಡಿದು ಈವರೆಗೆ ಆ ಕೊಳ್ಳದಲ್ಲಿ ನಾವೇ ಸಂಗ್ರಹಿಸಿದ ತಳದ ಪ್ರವಾಹದ ದಾಖಲೆಗಳನ್ನು, ವಿದ್ಯಾರ್ಥಿಯೊಬ್ಬ ಇಳಿಸಿಕೊಂಡು ತಾನೇ ನಕ್ಷೆ ಬಿಡಿಸಬಲ್ಲ ರೂಪದಲ್ಲಿ, ಒಂದೇ ಕಡೆ ಸಿಗುವಂತೆ ಮಾಡಲು ಯಾವ ಅಂತರರಾಷ್ಟ್ರೀಯ ಒಪ್ಪಿಗೆಯೂ ಬೇಕಾಗಿಲ್ಲ. ಪರಿಸರ ಪರಿಣಾಮದ ವರದಿ ಸಿದ್ಧವಾದಾಗ ಅದರ ಸಾರಾಂಶ ಕನ್ನಡವೂ ಸೇರಿದಂತೆ ಕರಾವಳಿ ರಾಜ್ಯಗಳ ಭಾಷೆಗಳಲ್ಲಿ ಹೊರಬರಬೇಕೆಂದೂ, ಆಕ್ಷೇಪಣೆ ಸಲ್ಲಿಸಲು ಅದರ ನಂತರ ಕನಿಷ್ಠ ಮೂರು ತಿಂಗಳ ಕಾಲಾವಕಾಶ ಇರಬೇಕೆಂದೂ ಕೋರುತ್ತೇನೆ. ಮುಂದಿನ ಅಂಟಾರ್ಕ್ಟಿಕ ಯಾತ್ರೆಯ ಕಾರ್ಯಸೂಚಿ ಅಂತಿಮಗೊಳ್ಳುವ ಮುನ್ನ ಈ ಪತ್ರಕ್ಕೆ ತಮ್ಮಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕರಾವಳಿ ಕರ್ನಾಟಕದ ಒಬ್ಬ ನಿವೃತ್ತ ಅಧ್ಯಾಪಕ